ಇವನು ಚೂಟಿ, ಅವನು ಸಾಧು

ತೊಟ್ಟಿಲಲ್ಲಿರುವ ಅವಳಿ ಕೂಸುಗಳನ್ನು ನೋಡಲು ಬಂದ ನೆಂಟರು ಎರಡೇ ನಿಮಿಷದಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ. ‘ಇವನು ಚೂಟಿ, ಅವನು ಸಾಧು.’ ಆಗ ಎರಡೂ ಕೂಸುಗಳು ಗಾಢ ನಿದ್ದೆಯಲ್ಲಿರುತ್ತವೆ. ಕೆನಡಾದಲ್ಲಿ ಇದೇ ಕೆಲಸಕ್ಕೆ ಸಂಬಳ ಕೊಡುತ್ತಾರೆ. ಅಂಥವರಿಗೆ ಹಾಕಿ ಪಂಡಿತರು ಅಂತ ಹೆಸರು. (ನಮ್ಮ ಕೊಡಗಿನ ಹಾಕಿಯಲ್ಲ, ಮಂಜುಗಡ್ಡೆ ಮೇಲೆ ಜಾರುತ್ತಾ ಆಡುವುದು.)

1999ರಲ್ಲಿ ಉತ್ತರ ಅಮೆರಿಕದ ದೊಡ್ಡ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಆಡುವ ವ್ಯಾಂಕೂವರ್ ಕನಕ್ಸ್ ತಂಡ ಸ್ವೀಡನ್ನಿನ ಇಬ್ಬರು ಫಾರ್ವರ್ಡ್‌ಗಳನ್ನು ಆರಿಸಿತು. ಡ್ಯಾನಿಯಲ್ ಸೆಡೀನ್, ಹೆನ್ರಿಕ್ ಸೆಡೀನ್. ಅಚ್ಚು ಒಂದೇ. ಹೆನ್ರಿಕ್ ಆರು ನಿಮಿಷಕ್ಕೆ ಅಣ್ಣ. ಇಬ್ಬರೂ ಬೇಕೇ ಬೇಕು ಅಂತ ಮ್ಯಾನೇಜರ್ ಬ್ರಯಾನ್ ಬರ್ಕ್ ಬೇರೆ ತಂಡಗಳ ಜೊತೆ ವ್ಯವಹಾರ ಕುದುರಿಸಿ, ಹೊಸ ಆಟಗಾರರನ್ನು ಆರಿಸಿಕೊಳ್ಳುವ ಎರಡನೇ ಮತ್ತು ಮೂರನೇ ಸರದಿ ಎರಡನ್ನೂ ಗಿಟ್ಟಿಸಿದ. ಡ್ಯಾನಿಯಲ್ ಬೆನ್ನಿಗೆ 22, ಹೆನ್ರಿಕ್ ಬೆನ್ನಿಗೆ 33. ಈ ನಂಬರ್ ಇಲ್ಲದಿದ್ದರೆ ಅರ್ಧ ಪಂಡಿತರು ಮನೆಯಲ್ಲಿ ಕೂರಬೇಕಿತ್ತು.

ಮೊದಲ ಸೀಸನ್ನಿನಲ್ಲಿ ಡ್ಯಾನಿಯಲ್ 20 ಗೋಲು ಹೊಡೆದ. ಹೆನ್ರಿಕ್ 20 ಗೋಲುಗಳಿಗೆ ಪಾಸ್ ಕೊಟ್ಟ. ಪಂಡಿತರಿಗೆ ಹಬ್ಬ! ಒಬ್ಬ ಬಡಿಸುವವನು, ಇನ್ನೊಬ್ಬ ಉಣ್ಣುವವನು. ಇದು ನಿಜವೂ ಹೌದು ಅನ್ನಿ. ಆದರೆ ಅಷ್ಟಕ್ಕೇ ಬಿಟ್ಟರೆ ಟೀವಿಯ ಹೊತ್ತು ಕಳೆಯುವುದು ಹೇಗೆ? ವ್ಯತ್ಯಾಸ ಹುಡುಕಿ ಸುಸ್ತಾದ ಮೇಲೆ ಇಬ್ಬರಿಗೂ ಸೇರಿಸಿ ಒಂದೇ ಬಿರುದು ಕೊಟ್ಟರು: ‘ಸಾಫ್ಟ್’. ಯುರೋಪಿನಿಂದ ಬಂದವರಿಗೆ ಇದು ಏರ್‌ಪೋರ್ಟಿನಲ್ಲೇ ಸಿಗುತ್ತದೆ.

ಸಾಫ್ಟ್ ಅಂದರೆ ಗ್ಲೌಸ್ ಬಿಸಾಕಿ ಗುದ್ದಾಡದವನು. ಆ ಲೀಗಿನಲ್ಲಿ ಗುದ್ದಾಡಿದರೆ ಐದು ನಿಮಿಷ ಹೊರಗೆ ಕೂರಿಸಿ ಮತ್ತೆ ಒಳಗೆ ಬಿಡುತ್ತಾರೆ. ನಮ್ಮ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದದ್ದು ಇದಕ್ಕಿಂತ ಜಾಸ್ತಿ ಹೊತ್ತು.

ಇನ್ನು ಸಾಫ್ಟ್ ಆಟ ಹೇಗಿತ್ತು ನೋಡಿ. ಹೆನ್ರಿಕ್ ಮೂಲೆಯ ಹಲಗೆಗೆ ಒತ್ತಿಕೊಂಡು ನಿಂತಿದ್ದಾನೆ. ಬೆನ್ನ ಮೇಲೆ ನೂರು ಕಿಲೋ ಎದುರಾಳಿ ಬಿದ್ದಿದ್ದಾನೆ. ತಲೆ ಎತ್ತದೆ, ತಿರುಗಿಯೂ ನೋಡದೆ ಪಕ್ಕನ್ನು (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಹಿಂದಕ್ಕೆ ತಳ್ಳುತ್ತಾನೆ. ಅಲ್ಲಿ ಯಾರೂ ಇಲ್ಲ. ಪಕ್ ತಲುಪುವಷ್ಟರಲ್ಲಿ ಡ್ಯಾನಿಯಲ್ ಇದ್ದಾನೆ. ಮೆತ್ತಗಿನವನಿಗೆ ನೂರು ಕಿಲೋ ಹೊರುವ ಬೆನ್ನು ಎಲ್ಲಿಂದ ಬಂತು ಅಂತ ಪಂಡಿತರು ಕೇಳಲಿಲ್ಲ.

2009-10ರಲ್ಲಿ ಡ್ಯಾನಿಯಲ್ ಕಾಲಿಗೆ ಪೆಟ್ಟಾಯಿತು. ತಮ್ಮನಿಲ್ಲದ ಅಣ್ಣ ಕೈಕಾಲು ಬಿಡುತ್ತಾನೆ ಅಂತ ಎಲ್ಲರೂ ಕಾದರು. ಹೆನ್ರಿಕ್ ಆ ಸೀಸನ್ 112 ಅಂಕ (ಗೋಲಿಗೊಂದು, ಗೋಲಿಗೆ ಕೊಟ್ಟ ಪಾಸಿಗೊಂದು) ಗಳಿಸಿ ಇಡೀ ಲೀಗಿಗೇ ಮೊದಲಿಗನಾದ. ಮರುವರ್ಷ 104 ಅಂಕದೊಂದಿಗೆ ಡ್ಯಾನಿಯಲ್ ಮೊದಲಿಗ. ಹೋಲಿಕೆ ಮಾಡಿ ಈಗ!

ಮಾಡಿದರು. 2011ರಲ್ಲಿ ಲೀಗಿನ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಸ್ಟ್ಯಾನ್ಲಿ ಕಪ್ ಫೈನಲ್ಸ್‌ನ ಆರನೇ ಪಂದ್ಯದಲ್ಲಿ ಎದುರಾಳಿ ಬಾಸ್ಟನ್ ತಂಡದ ಬ್ರ್ಯಾಡ್ ಮಾರ್ಶಾಂಡ್, ಡ್ಯಾನಿಯಲ್ ಮುಖಕ್ಕೆ ಒಂದಾದ ಮೇಲೊಂದು ಗುದ್ದಿದ. ಡ್ಯಾನಿಯಲ್ ಕೈ ಎತ್ತಲಿಲ್ಲ, ಸುಮ್ನೆ ನಿಂತ. ಯಾಕೆ ಗುದ್ದಿದೆ ಅಂತ ಆಮೇಲೆ ಕೇಳಿದ್ದಕ್ಕೆ ಮಾರ್ಶಾಂಡ್, ಹಾಗನ್ನಿಸಿತು ಅಂದ. ಗುದ್ದಿದವನು ಗಟ್ಟಿಗ, ಗುದ್ದಿಸಿಕೊಂಡವನು ಸಾಫ್ಟ್. ಅಣ್ಣತಮ್ಮಂದಿರನ್ನು ‘ಸೆಡೀನ್ ಸಿಸ್ಟರ್ಸ್’ ಅಂತ ಕರೆದು ನಕ್ಕವರೂ ಇದ್ದರು. ನಮ್ಮ ಊರ ಅಕ್ಕತಂಗಿಯರ ಜೊತೆ ಜಗಳಕ್ಕಿಳಿದು ನೋಡಿಲ್ಲ ಪಾಪ.

2018, ತವರು ಅಂಗಣ ವ್ಯಾಂಕೂವರಿನಲ್ಲಿ ಇಬ್ಬರೂ ಆಡಿದ ಕೊನೆಯ ಪಂದ್ಯ. ಸಮಬಲವಾಗಿ ಓವರ್‌ಟೈಮಿಗೆ ಹೋಯಿತು. ಹೆನ್ರಿಕ್ ಬಡಿಸಿದ, ಡ್ಯಾನಿಯಲ್ ಉಂಡ, ತಂಡ ಗೆದ್ದಿತು. 2022ರಲ್ಲಿ ಇಬ್ಬರನ್ನೂ ಒಟ್ಟಿಗೇ ಹಾಕಿ ದಿಗ್ಗಜರ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಒಬ್ಬನನ್ನು ಮೊದಲು, ಇನ್ನೊಬ್ಬನನ್ನು ಮರುವರ್ಷ ಅಂತ ಮಾಡಿದ್ದರೆ ಪಂಡಿತರಿಗೆ ಒಂದು ವರ್ಷದ ಊಟಕ್ಕಾಗುತ್ತಿತ್ತು.