ಬೀಜವಿಲ್ಲದ ಕಲ್ಲಂಗಡಿ ಕುಲಾಂತರಿಯೇ?

"ಬೀಜವಿಲ್ಲದ ಕಲ್ಲಂಗಡಿ, ದ್ರಾಕ್ಷಿ ಎರಡೂ ಕುಲಾಂತರಿ, ಮಕ್ಕಳಿಗೆ ಕೊಡಬೇಡಿ" ಎಂಬ ಸಂದೇಶ ಬೇಸಿಗೆ ಬಂದರೆ ಸಾಕು, ಮತ್ತೆ ಹರಿದಾಡುತ್ತದೆ. ಇದು ಸುಳ್ಳು. ಕುಲಾಂತರಿ ಎಂದರೆ ಬೇರೆ ಜೀವಿಯ ವಂಶವಾಹಿ (ಜೀನ್) ಸೇರಿಸಿದ ತಳಿ. ಭಾರತದಲ್ಲಿ ರೈತರು ಬೆಳೆಯಲು 2002ರಿಂದ ಅನುಮತಿ ಪಡೆದಿರುವ ಕುಲಾಂತರಿ ಬೆಳೆ ಬಿಟಿ ಹತ್ತಿ. ಬಿಟಿ ಬದನೆಗೆ 2010ರ ಫೆಬ್ರವರಿಯಲ್ಲೇ ತಡೆ ಬಿತ್ತು.

ಹಾಗಾದರೆ ಬೀಜ ಎಲ್ಲಿ ಹೋಯಿತು? ಸಾಮಾನ್ಯ ಕಲ್ಲಂಗಡಿಯ ಜೀವಕೋಶದಲ್ಲಿ 22 ವರ್ಣತಂತುಗಳಿರುತ್ತವೆ (ವಂಶವಾಹಿಗಳನ್ನು ಹೊತ್ತ ಎಳೆಗಳು). ಎಳೆ ಸಸಿಯ ಕುಡಿಗೆ ಕಾಲ್ಚಿಸಿನ್ ಎಂಬ ರಾಸಾಯನಿಕದ ದ್ರಾವಣ ಹಚ್ಚಿದರೆ ಅವು 44 ಆಗುತ್ತವೆ. (ಕಾಲ್ಚಿಸಿನ್ ವಿಷವೇ ಹೌದು, ಆದರೆ ಅದನ್ನು ಹಚ್ಚುವುದು ತಾಯಿತಳಿ ರೂಪಿಸುವಾಗ ಮಾತ್ರ, ನಾವು ತಿನ್ನುವ ಹಣ್ಣಿನ ಬಳ್ಳಿಗಲ್ಲ.) ಈ 44ರ ಹೆಣ್ಣುಹೂವಿಗೆ 22ರ ಪರಾಗ ಸೇರಿಸಿದಾಗ ಸಿಗುವ ಬೀಜದಲ್ಲಿ 33 ವರ್ಣತಂತುಗಳು. ಅವು ಸರಿಯಾಗಿ ಜೋಡಿಯಾಗಲಾರವು, ಹೀಗಾಗಿ ಆ ಬೀಜ ಬಿತ್ತಿ ಬೆಳೆದ ಬಳ್ಳಿಯ ಹಣ್ಣಿನಲ್ಲಿ ಬೀಜ ಬಲಿಯದೆ ಬಿಳಿ ಮೆತ್ತನೆಯ ಸಿಪ್ಪೆಯಷ್ಟೇ ಉಳಿಯುತ್ತದೆ. ಬೇರೆ ಜೀವಿಯ ವಂಶವಾಹಿಯನ್ನು ಎಲ್ಲೂ ಸೇರಿಸಿಲ್ಲ. ಜಪಾನಿನ ವಿಜ್ಞಾನಿ ಹಿತೋಶಿ ಕಿಹಾರಾ ಈ ವಿಧಾನವನ್ನು 1951ರಲ್ಲೇ ಪ್ರಕಟಿಸಿದ್ದರು. ಕುಲಾಂತರಿ ತಂತ್ರ ಆಗಿನ್ನೂ ಹುಟ್ಟಿರಲಿಲ್ಲ.

ಬೆಳೆಗಾರರಿಗೊಂದು ಮಾತು: ಈ ಬಳ್ಳಿಯ ಪರಾಗಕ್ಕೆ ಕಸುವಿಲ್ಲ. ಮೂರು ಬಳ್ಳಿಗೆ ಒಂದರಂತೆ ಬೀಜದ ತಳಿ ನೆಡದಿದ್ದರೆ ಕಾಯಿ ಕಚ್ಚುವುದಿಲ್ಲ. ಬಿತ್ತುವ 33ರ ಬೀಜದ ಸಿಪ್ಪೆಯೂ ದಪ್ಪ, ಮಣ್ಣು ತಣ್ಣಗಿದ್ದರೆ ಅಥವಾ ನೀರು ಹೆಚ್ಚಾದರೆ ಮೊಳೆಯದೆ ಕೊಳೆಯುತ್ತದೆ.

ವಿಜಯಪುರದ ಥಾಂಪ್ಸನ್ ಸೀಡ್‌ಲೆಸ್ ದ್ರಾಕ್ಷಿಯ ಕಥೆ ಬೇರೆ. ಅಲ್ಲಿ ಪರಾಗಸ್ಪರ್ಶವಾದರೂ ಭ್ರೂಣ ತಾನಾಗಿ ಸಾಯುತ್ತದೆ. ಆ ಸಹಜ ಗುಣವನ್ನು ಕಡ್ಡಿ ನೆಟ್ಟು, ಕಸಿ ಕಟ್ಟಿ ಉಳಿಸಿಕೊಂಡು ಬಂದಿದ್ದಾರೆ.