ಫೋನ್ ಚಾರ್ಜ್ ಆದ ಮಾತ್ರಕ್ಕೆ ಕೇಬಲ್ ಸರಿಯಿದೆ ಎಂದಲ್ಲ

ಕಾರಿನ ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸಿದ ಫೋನ್ ಚಾರ್ಜ್ ಆಗುತ್ತಿದ್ದೂ ಕಾರಿನ ಪರದೆಯಲ್ಲಿ ಆಂಡ್ರಾಯ್ಡ್ ಆಟೋ ಅಥವಾ ಕಾರ್‌ಪ್ಲೇ (ಫೋನಿನ ಮ್ಯಾಪ್, ಹಾಡು, ಕರೆಗಳನ್ನು ಆ ಪರದೆಗೆ ತರುವ ವ್ಯವಸ್ಥೆಗಳು) ಮೂಡದಿದ್ದರೆ ಕೆಟ್ಟಿರುವುದು ಕಾರಿನ ಸ್ಟೀರಿಯೋ, ಅದನ್ನೇ ಬದಲಿಸಬೇಕು ಎಂಬ ಸಂದೇಶ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಸಾಮಾನ್ಯ ಯುಎಸ್‌ಬಿ 2.0 ಕೇಬಲಿನೊಳಗೆ ವಿದ್ಯುತ್ತಿಗೆ 2, ಡೇಟಾಗೆ 2 ತಂತಿಗಳಿರುತ್ತವೆ. ಅಗ್ಗದ ಕೆಲವು ಕೇಬಲ್‌ಗಳಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ. ಇದ್ದರೂ ಮಡಚಿ ಮಡಚಿ ಪಿನ್ನಿನ ಬುಡದಲ್ಲಿ ತುಂಡಾಗಿರಬಹುದು. ಆಗ ಚಾರ್ಜ್ ಎಂದಿನಂತೆ ಆಗುತ್ತದೆ, ಆದರೆ ಫೋನ್ ಬಂದಿರುವುದು ಕಾರಿಗೆ ತಿಳಿಯುವುದೇ ಇಲ್ಲ. ಹಲವು ಕಾರುಗಳಲ್ಲಿ ಹಿಂದಿನ ಸೀಟಿನ ಪೋರ್ಟುಗಳು ಚಾರ್ಜಿಂಗಿಗಷ್ಟೇ ಮೀಸಲು. ಫೋನಿನ ಪೋರ್ಟಿನೊಳಗೆ ಜೇಬಿನ ಧೂಳು, ನೂಲು ಗಟ್ಟಿಯಾಗಿ ಕೂತಿದ್ದರೆ ಪಿನ್ ಪೂರ್ತಿ ಒಳಗೆ ಹೋಗದೆ, ಕಾರು ರಸ್ತೆಗುಂಡಿಗೆ ಇಳಿದಾಗಲೆಲ್ಲ ಸಂಪರ್ಕ ಕಡಿದುಹೋಗುತ್ತದೆ. ಫೋನ್ ಆಫ್ ಮಾಡಿ ಮರದ ಕಡ್ಡಿಯಿಂದ ಮೆಲ್ಲಗೆ ತೆಗೆಯಬೇಕೇ ಹೊರತು ಸೂಜಿಯಿಂದಲ್ಲ.

ಬ್ಲೂಟೂತ್‌ನಲ್ಲಿ ಕರೆ ಕೇಳಿಸಿ ಹಾಡು ಕೇಳಿಸದಿರುವುದಕ್ಕೂ ಸ್ಪೀಕರನ್ನು ದೂರಬೇಕಿಲ್ಲ. ಕರೆಗೂ ಸಂಗೀತಕ್ಕೂ ಪ್ರತ್ಯೇಕ ಪ್ರೊಫೈಲ್‌ಗಳಿದ್ದು (ಸಂಪರ್ಕದ ಬಗೆಗಳು), ಫೋನಿನ ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ಕಾರಿನ ಹೆಸರಿನಡಿ ‘ಮೀಡಿಯಾ ಆಡಿಯೋ’ ಆಫ್ ಆಗಿದ್ದರೆ ಹೀಗಾಗುತ್ತದೆ. ಪೆನ್‌ಡ್ರೈವ್‌ನ ಕತೆ ಬೇರೆ: ಅದರಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಮಾದರಿ ಎನ್‌ಟಿಎಫ್‌ಎಸ್ ಆಗಿದ್ದರೆ ಓದದ ಕಾರು ಸಿಸ್ಟಂಗಳು ಬಹಳ, ಎಫ್‌ಎಟಿ32 ಎಂಬ ಮಾದರಿಗೆ ಫಾರ್ಮ್ಯಾಟ್ ಮಾಡಿದರೆ ಸಾಮಾನ್ಯವಾಗಿ ಓದುತ್ತವೆ (ಹಾಡುಗಳನ್ನು ಮೊದಲು ಬೇರೆಡೆ ಕಾಪಿ ಮಾಡಿಕೊಳ್ಳಿ, ಎಲ್ಲವೂ ಅಳಿಸಿಹೋಗುತ್ತದೆ).

ಡೇಟಾ ಪೋರ್ಟಿಗೆ ಬೇರೊಂದು ಫೋನನ್ನು, ಕಂಪ್ಯೂಟರಿಗೆ ಫೈಲ್ ಕಳಿಸಬಲ್ಲ ಕೇಬಲಿನಿಂದಲೇ ಜೋಡಿಸಿದರೂ ಫಲವಿಲ್ಲದಿದ್ದರೆ ಮಾತ್ರ ಕಾರಿನ ಮೇಲೆ ಅನುಮಾನಪಡಬಹುದು. ಆಗಲೂ ಸರ್ವಿಸ್ ಸೆಂಟರಿನಲ್ಲಿ ಮೊದಲು ಕೇಳಬೇಕಾದದ್ದು ಸಾಫ್ಟ್‌ವೇರ್ ಅಪ್‌ಡೇಟ್ ಇದೆಯೇ ಎಂದು.