ಸತ್ಯಾಂಶ: ಇನ್ಹೇಲರ್ ಚೀಟಿ ತೋರಿಸಿದರೆ ಅಂಗವಿಕಲರ ಪಿಂಚಣಿ ಸಿಗುತ್ತಾ?

"ಅಸ್ತಮಾ, ಸಿಒಪಿಡಿ ಇದ್ದವರಿಗೆಲ್ಲ ಯುಡಿಐಡಿ ಕಾರ್ಡ್, ತಿಂಗಳ ಪಿಂಚಣಿ. ಇನ್ಹೇಲರ್ ಚೀಟಿ ಒಯ್ದರೆ ಸಾಕು." ಬಾಗಲಕೋಟೆ ಕಡೆಯ ಗ್ರೂಪ್‌ಗಳಲ್ಲಿ ಓಡಾಡುವ ಈ ಮೆಸೇಜ್ ನಿಜವಲ್ಲ. (ಸಿಒಪಿಡಿ ಅಂದರೆ ಶ್ವಾಸನಾಳ ಕಿರಿದಾಗಿ ವರ್ಷಗಟ್ಟಲೆ ಕಾಡುವ ಉಸಿರಾಟದ ಕಾಯಿಲೆ. ಯುಡಿಐಡಿ ಕಾರ್ಡ್ ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ.)

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಹಿಮೋಫಿಲಿಯಾ, ಥಲಸ್ಸೇಮಿಯಾದಂಥ ರಕ್ತದ ಕಾಯಿಲೆಗಳು ಅದರಲ್ಲಿವೆ. ಅಸ್ತಮಾ, ಸಿಒಪಿಡಿ ಇಲ್ಲ. ಪಟ್ಟಿಯಲ್ಲಿದ್ದರೂ ಮುಖ್ಯ ಸೌಲಭ್ಯಗಳಿಗೆ ಕನಿಷ್ಠ 40 ಪರ್ಸೆಂಟ್ ಅಂಗವೈಕಲ್ಯ ಇದೆ ಅಂತ ಸರ್ಟಿಫಿಕೇಟ್ ಬೇಕು.

ಮೆಸೇಜ್ ನಂಬುವವರ ಸಂಕಟ ಸುಳ್ಳಲ್ಲ, ಬಿಡಿ. ಮಳೆಗಾಲದಲ್ಲಿ ಆರಾಮಾಗಿ ಸಂತೆಗೆ ಹೋಗಿಬರುವ ಮನುಷ್ಯ, ಕಬ್ಬು ಕಡಿದು ರವದಿಗೆ ಬೆಂಕಿ ಹಚ್ಚುವ ದಿನಗಳಲ್ಲಿ ಬಚ್ಚಲತನಕ ಹೋಗೋಕೂ ಎರಡು ಸಲ ಕೂರುತ್ತಾನೆ. ಊದಿಸಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆ ಆ ಒಂದು ದಿನದ ಉಸಿರನ್ನಷ್ಟೇ ಅಳೆಯುತ್ತದೆ. ಚೆನ್ನಾಗಿದ್ದ ದಿನ ಮಾಡಿಸಿದರೆ ಅಸ್ತಮಾ ಇದ್ದವರ ರಿಪೋರ್ಟ್ ಕೂಡ ನಾರ್ಮಲ್ ಬರಬಹುದು. ಅದಕ್ಕೇ ಜೋರಾದ ದಿನಗಳ ಆಸ್ಪತ್ರೆ ಚೀಟಿ, ನೆಬುಲೈಸರ್ ಹಾಕಿಸಿದ ತಾರೀಕು ಜೋಪಾನ ಮಾಡಿ. ಔಷಧ ಬದಲಿಸುವಾಗ ಡಾಕ್ಟರಿಗೆ ಅದೇ ಆಧಾರ.

ಒಂದು ವಿಷಯ ಮಾತ್ರ ಬೇರೆ. ಇಳಕಲ್ ಸುತ್ತಿನ ಗ್ರಾನೈಟ್ ಕ್ವಾರಿಗಳಲ್ಲಿ ಕಲ್ಲು ಕೊರೆದವರ ಕೆಮ್ಮು ಸಿಲಿಕೋಸಿಸ್ ಆಗಿರಬಹುದು. ಕಲ್ಲಿನ ಧೂಳಿನಿಂದ ಬರುವ ಈ ಕಾಯಿಲೆಯನ್ನು ಕಾರ್ಮಿಕ ಕಾನೂನು ಕೆಲಸದಿಂದ ಬಂದ ಕಾಯಿಲೆ ಎಂದು ಒಪ್ಪಿದೆ. ಪರಿಹಾರ ಕೇಳಬಹುದು. ಅಲ್ಲಿ ಬೇಕಾಗುವುದು ಎದೆಯ ಎಕ್ಸ್‌ರೇ, ಜೊತೆಗೆ ಎಷ್ಟು ವರ್ಷ ಎಲ್ಲಿ ದುಡಿದಿರಿ ಅನ್ನೋದಕ್ಕೆ ಪುರಾವೆ. ಹಳೇ ಪಗಾರ ಚೀಟಿ ಸುಮ್ನೆ ಹರಿದು ಒಗೆಯಬೇಡಿ.